ಸುಳಿ ತೋರಿಸಿ ಕುದುರೆ ಮಾರಿದವನು

ಸರ್ಕಾರಿ ಪಶುವೈದ್ಯನಾಗಿ ನಿವೃತ್ತನಾದ ಮರುವರ್ಷದಿಂದ ನಾನು ಬಳ್ಳಾರಿಯಲ್ಲಿ ಸವಾರಿ ಕುದುರೆ ಕೊಳ್ಳುವವರ ಪರವಾಗಿ ಕುದುರೆಗಳನ್ನು ಪರೀಕ್ಷಿಸಿ ಕೊಡುತ್ತಿದ್ದೆ. ಮದುವೆ ಮೆರವಣಿಗೆಯ ಕುದುರೆಗಳಲ್ಲ. ಹಗುರವಾದ ಇಂಗ್ಲಿಷ್ ಜೀನು ಹಾಕಿ, ಸವಾರ ಹೆಜ್ಜೆಗೆ ತಕ್ಕಂತೆ ಏಳುತ್ತ ಕೂರುತ್ತ ಹೋಗುವ ಸವಾರಿಗೆ ಪಳಗಿದ ಕುದುರೆಗಳು. ರೇಸಿನಿಂದ ಹೊರಬಿದ್ದ ಅಂಥವನ್ನು ತಂದು ನಮ್ಮ ಸೀಮೆಯಲ್ಲಿ ಮಾರುತ್ತಿದ್ದವನು ಸಿರುಗುಪ್ಪದ ಹುಲುಗಪ್ಪ. ನನ್ನ ಹಳೆಯ ಗೆಳೆಯ. ನನ್ನ ಮಗಳ ಮದುವೆಯಲ್ಲಿ ಸೊಂಟಕ್ಕೆ ಟವೆಲು ಸುತ್ತಿಕೊಂಡು ಬಡಿಸಿದವನು.

ಕುರುಗೋಡಿನ ರೇಣುಕಾ ದೈಹಿಕ ಶಿಕ್ಷಕಿ. ಎನ್‌ಸಿಸಿಯಲ್ಲಿ ಸವಾರಿ ಕಲಿತಿದ್ದಳು. ಊರಿನ ಹೆಣ್ಣುಮಕ್ಕಳಿಗೆ ಸವಾರಿ ತರಗತಿ ತೆರೆಯಬೇಕೆಂಬುದು ಅವಳ ಹಠ. ತಂದೆ ದೊಡ್ಡಬಸಪ್ಪನವರಿಗೆ ಅದು ಹಿಡಿಸಿರಲಿಲ್ಲ.

"ಒಂದಾ ಕುದುರಿ ಕೊಡಸ್ತೀನವ್ವ. ಅದು ಕೆಟ್ರ ಈ ಮಾತು ಮತ್ತ ಎತ್ತಬಾರ್ದು" ಎಂದು ನನ್ನೆದುರೇ ಷರತ್ತು ಹಾಕಿದರು.

ಮೂವರೂ ಸಿರುಗುಪ್ಪಕ್ಕೆ ಹೋದೆವು. ಕೆಂಪು ಹೆಣ್ಣು ಕುದುರೆ. ಗಟ್ಟಿ ನೆಲದ ಮೇಲೆ ಟ್ರಾಟ್, ಅಂದರೆ ಕುಕ್ಕುಲೋಟ, ಓಡಿಸಿ ನೋಡಿದೆ. ಹೆಜ್ಜೆ ಸಮವಾಗಿತ್ತು. ಆದರೂ ಕುದುರೆಯನ್ನು ಒಂದು ವಾರ ಕೊಳ್ಳುವವರ ಮನೆಯಲ್ಲಿ ಕಟ್ಟಿಸಿ, ಮತ್ತೆ ಓಡಿಸಿ ನೋಡದೆ ನಾನು ಒಪ್ಪಿಗೆ ಕೊಡುತ್ತಿರಲಿಲ್ಲ. ನೋವಿನ ಔಷಧ ಹಾಕಿ ಕುಂಟು ಮುಚ್ಚಿದ್ದರೆ ಅಷ್ಟರಲ್ಲಿ ಔಷಧದ ಬಲ ಇಳಿದು ಕುಂಟು ಹೊರಬೀಳುತ್ತದೆ.

ಆ ಮಾತು ನಾನು ಎತ್ತುವ ಮೊದಲೇ ಹುಲುಗಪ್ಪ ದೊಡ್ಡಬಸಪ್ಪನವರಿಗೆ ಕೈಮುಗಿದ. "ಮುಚ್ಚಿಡಬಾರ್ದ್ರಿ ಯಜಮಾನ್ರ. ಜೀನು ಕುಂದ್ರೋ ಜಾಗದಾಗ ಸುಳಿ ಐತಿ. ಹತ್ತಿದಾವ್ರು ನೆಲ ಹಿಡೀತಾರ ಅಂತಾರ. ಬ್ಯಾಡಂದ್ರ ಬಿಡ್ರಿ."

ಸುಳಿ ಎಂದರೆ ಮೈಮೇಲೆ ಕೂದಲು ಸುತ್ತಿಕೊಂಡ ಗುರುತು. ನಮ್ಮ ಕಡೆ ಎತ್ತಾಗಲಿ ಕುದುರೆಯಾಗಲಿ, ಹಲ್ಲಿಗಿಂತ ಮೊದಲು ಸುಳಿ ನೋಡುತ್ತಾರೆ. ದೊಡ್ಡಬಸಪ್ಪನವರು ಆಗಲೇ ಚಪ್ಪಲಿ ಮೆಟ್ಟಿದ್ದರು. ರೇಣುಕಾಳ ಕಣ್ಣು ತುಂಬಿತು. ಸೇವೆಯುದ್ದಕ್ಕೂ ಈ ಸುಳಿಯ ಜೊತೆ ಜಗಳವಾಡಿದ ನನಗೆ ಮೈಯೆಲ್ಲ ಉರಿಯಿತು.

"ಸುಳಿ ಏನ್ ಮಾಡ್ತೈತ್ರಿ? ಕುದುರಿ ಚಲೋ ಐತಿ. ನನ್ನ ಮಾತಿನ ಮ್ಯಾಲ ತಗೊಳ್ರಿ" ಎಂದುಬಿಟ್ಟೆ.

ತನ್ನ ಮಾಲಿನ ದೋಷವನ್ನು ತಾನೇ ಹೇಳಿದವನನ್ನು ವಾರಗಟ್ಟಲೆ ಕಾಯಿಸುವುದು ಹೇಗೆ? ವ್ಯಾಪಾರ ಅಂದೇ ಮುಗಿಯಿತು.

ನಾಲ್ಕೈದು ದಿನಕ್ಕೆ ಕುದುರೆ ಕುಂಟತೊಡಗಿತು. ಅಂದು ಬೆಳಿಗ್ಗೆ ಅದು ಓಡುತ್ತಲೇ ಮುಗ್ಗರಿಸಿದಾಗ ರೇಣುಕಾ ಬಿದ್ದು ಮುಂಗೈ ಮುರಿದುಕೊಂಡಳು. ಎಕ್ಸ್‌ರೇ ತೆಗೆಸಿದೆ. ಗೊರಸಿನೊಳಗೆ ನಾವಿಕ್ಯುಲರ್ ಎಂಬ ಸಣ್ಣ ಎಲುಬು ಇರುತ್ತದೆ. ಅದು ಬಹಳ ಹಿಂದೆಯೇ ಸವೆದುಹೋಗಿತ್ತು. ಇನ್ನು ಆ ಕುದುರೆ ಮೇಯಬಹುದಿತ್ತೇ ಹೊರತು ಸವಾರಿಗೆ ಬರುವಂತಿರಲಿಲ್ಲ.

ನೇರ ಸಿರುಗುಪ್ಪಕ್ಕೆ ಹೋದೆ. ಹುಲುಗಪ್ಪನ ಲಾಯದ ಗೂಡಿನಲ್ಲಿ ನೋವಿನ ಪುಡಿಯ ಪೊಟ್ಟಣಗಳಿದ್ದವು. ಅವನ ಮುದಿ ಕುದುರೆ ನರಳುವುದನ್ನು ನೋಡಲಾಗದೆ ನಾನೇ ಹೇಳಿಕೊಟ್ಟ ಔಷಧ. ಆ ಕುದುರೆ ಸತ್ತು ವರ್ಷವಾಗಿತ್ತು. ಪೊಟ್ಟಣಗಳು ಹೊಸವು.

"ಯಾಕೋ ಹಿಂಗ ಮಾಡ್ದಿ, ಹುಲುಗಪ್ಪ?"

ಅವನು ತಲೆ ತಗ್ಗಿಸಲೂ ಇಲ್ಲ. "ಸುಳಿ ಕೆಟ್ಟೈತಿ ಅಂತ ನಾನಾ ಹೇಳಿದ್ನಲ್ರಿ ಸರ. ನೀವಾ ಕೇಳ್ಲಿಲ್ಲ."

ಸುಳಿ ಎಂದರೆ ನಾನು ಸಿಡಿದೇಳುತ್ತೇನೆ, ಸಿಡಿದೆದ್ದರೆ ಉಳಿದದ್ದನ್ನು ಮರೆಯುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು. ಒಂದೇ ತಟ್ಟೆಯಲ್ಲಿ ಉಂಡ ಇಷ್ಟು ವರ್ಷವೂ ಅವನು ನನ್ನನ್ನು ಕುದುರೆಯ ಹಾಗೆಯೇ ಪರೀಕ್ಷಿಸಿ ಇಟ್ಟುಕೊಂಡಿದ್ದ. ಉಂಡ ಮನೆಗೆ ಎರಡು ಬಗೆಯುವುದು ಎಂಬ ಮಾತು ಕೇಳಿದ್ದೆ. ಅದರ ನೋವು ಅಂದು ತಿಳಿಯಿತು.

ದೊಡ್ಡಬಸಪ್ಪನವರು ನನ್ನನ್ನು ಬೈಯಲಿಲ್ಲ. "ಹಿರೇರು ಸುಮ್ನ ಹೇಳಿಲ್ರಿ ಡಾಕ್ಟ್ರ" ಎಂದರು, ಅಷ್ಟೇ. ಔಷಧದ ವಿಷಯ ಎಷ್ಟು ಬಿಡಿಸಿ ಹೇಳಿದರೂ ಅವರ ಕಿವಿಗೆ ಇಳಿಯಲಿಲ್ಲ. ಪಟ್ಟಿ ಕಟ್ಟಿದ ಕೈ ಹಿಡಿದುಕೊಂಡು ರೇಣುಕಾ ಬಾಗಿಲಲ್ಲಿ ನಿಂತಿದ್ದಳು. "ನಿಮ್ ಮ್ಯಾಲ ಸಿಟ್ಟಿಲ್ರಿ ಸರ. ಆದ್ರ ಅಪ್ಪಗ ಇನ್ನೇನ್ ಹೇಳ್ಲಿ?" ತರಗತಿ ಶುರುವಾಗಲೇ ಇಲ್ಲ.

ಮಾರುವವನು ತಾನಾಗಿ ಒಂದು ದೋಷ ತೋರಿಸಿದರೆ, ಅದನ್ನು ಬಿಟ್ಟು ಬೇರೆಡೆ ನೋಡಬೇಕು. ವೃತ್ತಿ ನನಗೆ ಕಲಿಸಿದ್ದು ಇದು. ಈಗ ಒಡಹುಟ್ಟಿದವನ ಕುದುರೆಯನ್ನೂ ವಾರ ಕಟ್ಟಿಸಿಯೇ ನೋಡುತ್ತೇನೆ. ಆದರೆ ಕುರುಗೋಡಿನಲ್ಲಿ ಕುದುರೆ ಕೊಳ್ಳುವವರು ಈಗ ನನ್ನನ್ನು ಕರೆಯುವುದಿಲ್ಲ. ಸುಳಿ ನೋಡುವವರನ್ನು ಕರೆಯುತ್ತಾರೆ.