ಸಂಗಪ್ಪನ ಮೊಮ್ಮಗಳ ಬಿಳಿ ಸಿರಿಂಜು

ಯಶವಂತಪುರ ಮಾರ್ಕೆಟ್ ಯಾರ್ಡಿನ ಹಿಂದಿನ ರಸ್ತೆಯಲ್ಲಿ ಸಂಗಪ್ಪನ ಖಾನಾವಳಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಮಧ್ಯಾಹ್ನದ ಹೊತ್ತು ಆ ಕಡೆ ಹೋದರೆ ಅವನ ದನಿಯೇ ಕರೆದುಕೊಂಡು ಹೋಗುತ್ತದೆ. ಪಲ್ಯಕ್ಕೆ ಉಪ್ಪು ಕಡಿಮೆಯಾದರೂ ಕೂಗು, ಗಿರಾಕಿ ಅರ್ಧ ರೊಟ್ಟಿ ಬಿಟ್ಟು ಎದ್ದರೂ ಕೂಗು. ಬಾದಾಮಿ ಕಡೆಯವನು. ಶಾಲೆಯ ಮೆಟ್ಟಿಲು ಹತ್ತಿದ್ದು ಕಡಿಮೆ, ಇಳಿದದ್ದು ಬೇಗ. ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ಆದರೂ ಲಾರಿಯವರು, ಹಮಾಲರು, ಆಫೀಸಿನವರು ಬಿಡದೆ ಬರುತ್ತಾರೆ, ಯಾಕೆಂದರೆ ಅವನ ಖಾನಾವಳಿಯಿಂದ ಅರೆಹೊಟ್ಟೆಯಲ್ಲಿ ಎದ್ದವರು ಒಬ್ಬರೂ ಇಲ್ಲ. ಉಣ್ಣಿಸುವ ವಿಷಯದಲ್ಲಿ ತನಗೆ ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ ಎಂದು ಅವನು ನಂಬಿದ್ದ. ಆ ನಂಬಿಕೆ ಸುಳ್ಳೂ ಆಗಿರಲಿಲ್ಲ.

ಅಂಥವನ ಮೊಮ್ಮಗಳು ಏಳು ತಿಂಗಳಿಗೇ ಹುಟ್ಟಿದಳು. ಮಗಳು ಭಾಗ್ಯಶ್ರೀಗೆ ಬಿಪಿ ಏರಿ, ಹೆಬ್ಬಾಳದ ಹತ್ತಿರದ ಆಸ್ಪತ್ರೆಯೊಂದರಲ್ಲಿ ಅವಸರದಲ್ಲಿ ಆಪರೇಷನ್ ಮಾಡಿದರು. ಕೂಸು ಒಂದು ಲೀಟರಿನ ಹಾಲಿನ ಪಾಕೀಟಿನಷ್ಟು ತೂಕ. ಅದರ ಹೊಟ್ಟೆ ಇನ್ನೂ ಬಲಿತಿರಲಿಲ್ಲ. ತಾಯಿಯ ಹಾಲು ಹನಿ ಹನಿಯಾಗಿ ಮೂಗಿನ ನಳಿಕೆಯಲ್ಲಿ ಹೋದರೆ, ಉಳಿದ ಊಟವೆಲ್ಲ ರಕ್ತನಾಳದಲ್ಲಿ. ಒಂದು ಬಾಟಲಿಯಲ್ಲಿ ಸಕ್ಕರೆ, ಪ್ರೋಟೀನು. ಪಕ್ಕದ ಸಿರಿಂಜಿನಲ್ಲಿ ಬೆಳ್ಳಗೆ ಕೊಬ್ಬು. ಒಂದು ಸಣ್ಣ ಯಂತ್ರ ಆ ಸಿರಿಂಜನ್ನು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ತಳ್ಳುತ್ತಿತ್ತು.

ಆ ಬಿಳಿಯನ್ನು ನೋಡಿ ಸಂಗಪ್ಪ ಹಿಗ್ಗಿಹೋದ. ಖಾನಾವಳಿಗೆ ಬಂದು ಗಿರಾಕಿಗಳ ಮುಂದೆ, "ನಿಮಗೆಲ್ಲಾ ಬೆಣ್ಣಿ ರೊಟ್ಟಿ ಮ್ಯಾಲ. ನನ್ನ ಮೊಮ್ಮಗಳಿಗೆ ಸೀದಾ ರಕ್ತದಾಗ" ಎಂದು ಮೀಸೆ ತಿರುವಿದ. ದಿನಾ ಕೊಬ್ಬನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಿದ್ದರು. ಅವನೂ ದಿನಾ ಹೋಗಿ ಯಂತ್ರದ ಮೇಲಿನ ಅಂಕಿ ನೋಡುತ್ತಿದ್ದ. ಓದು ಕಡಿಮೆಯಾದರೂ ಅಂಕಿ ಓದುವುದನ್ನು ವ್ಯಾಪಾರಿಗೆ ಯಾರೂ ಕಲಿಸಬೇಕಿಲ್ಲ.

ಒಂದು ಬೆಳಿಗ್ಗೆ ನೋಡುತ್ತಾನೆ, ಅಂಕಿ ಹಿಂದಿನ ದಿನದ ಅರ್ಧಕ್ಕೆ ಇಳಿದಿದೆ. ಕೂಸಿನ ತೂಕವೂ ಇಳಿದಿತ್ತು. ನರ್ಸನ್ನು ಕೇಳಿದರೆ ಡಾಕ್ಟ್ರೇ ಕಡಿಮೆ ಮಾಡಿಸಿದ್ದಾರೆ ಎಂದಳು. ಸಂಗಪ್ಪನಿಗೆ ಅಷ್ಟು ಸಾಕಾಯಿತು. ಹಿಂದಿನ ದಿನ ಅವನು ಬಾಗಿಲ ಸೆಕ್ಯೂರಿಟಿಯವನ ಕೂಡ ಜಗಳ ಆಡಿದ್ದ. ಆ ಸಿಟ್ಟನ್ನು ಕೂಸಿನ ಊಟದ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ ಎಂದೇ ತಿಳಿದ. ಖಾನಾವಳಿ ನಡೆಸುವವನಿಗೆ ಬೇರೆ ಏನು ಹೊಳೆದೀತು? ಬೇಡವಾದ ಗಿರಾಕಿಗೆ ಸಾರು ತೆಳ್ಳಗೆ ಮಾಡಿ ಬಡಿಸುವವರನ್ನು ಅವನು ಕಂಡಿದ್ದ.

ಯಾರನ್ನೂ ಕೇಳಲಿಲ್ಲ. ಪೀಣ್ಯದ ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿದ್ದ ಅಳಿಯ ಬಸವಕಿರಣನಿಗೆ ಫೋನು ಮಾಡಿ, ಕೂಸನ್ನು ಬೇರೆ ಆಸ್ಪತ್ರೆಗೆ ಒಯ್ಯುತ್ತೇನೆ ಎಂದು ಹೇಳಿ ಇಟ್ಟುಬಿಟ್ಟ. ಅಳಿಯ ಪಾಪ, ಮಾವನ ಎದುರು ಬಾಯಿ ಬಿಡುವವನಲ್ಲ. ಆಮೇಲೆ ತನ್ನಲ್ಲೇ ಉಣ್ಣುವ ಆಂಬುಲೆನ್ಸ್ ಡ್ರೈವರ್ ಅನಂತರಾಜುವಿಗೆ ಗೇಟಿನ ಹತ್ತಿರ ಗಾಡಿ ತಂದು ನಿಲ್ಲಿಸಲು ಹೇಳಿದ.

ಅಷ್ಟರಲ್ಲಿ ಮಕ್ಕಳ ಡಾಕ್ಟರು ಶುಭಾ ಬಂದರು. ಮಗಳ ವಯಸ್ಸಿನ ಹೆಣ್ಣುಮಗಳು. ಸಂಗಪ್ಪ ದನಿ ಏರಿಸಿದ.

"ಕೂಸು ಒಣಗಾಕತ್ತೈತಿ, ನೀವು ಅದರ ಊಟಾ ಕಡಿಮಿ ಮಾಡೀರಿ. ಇದ್ಯಾವ ಡಾಕ್ಟರಕೀರೀ?"

ಶುಭಾ ಹೆದರಲಿಲ್ಲ. "ಕೂಗಾಡೋದಾದ್ರೆ ಆಚೆ ಹೋಗಿ ಕೂಗಾಡಿ. ಇಲ್ಲಿ ಮಲಗಿರೋರೆಲ್ಲಾ ನಿಮ್ಮ ಮೊಮ್ಮಗಳ ವಾರಿಗೆಯವರೇ."

ಅವನು ಇನ್ನೊಂದು ಮಾತು ತೆಗೆಯುವಷ್ಟರಲ್ಲಿ ಭಾಗ್ಯಶ್ರೀ ಬಂದಳು. ಹೊಲಿಗೆ ಹಾಕಿದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು, ಗೋಡೆ ಹಿಡಿದು ನಡೆದು ಬಂದಿದ್ದಳು.

"ಕೆಳಗ ಅನಂತರಾಜು ನನ್ನ ವಾರ್ಡಿಗೇ ಬಂದು ಕೂಸು ಎಲ್ಲೈತಿ ಅಂತ ಕೇಳಾಕತ್ತಾನ. ಆಕಿ ಯಾರ ಮಗಳಪ್ಪಾ? ನನ್ನ ಒಂದ್ ಮಾತು ಕೇಳಿದೇನು?"

ಮಗಳು ಜೀವಮಾನದಲ್ಲಿ ಹಾಗೆ ಎದುರು ನಿಂತು ಮಾತಾಡಿದವಳಲ್ಲ. ಮೊದಲು ಡಾಕ್ಟ್ರ ಮಾತು ಕೇಳೋಣ, ಆಮೇಲೆ ಒಯ್ಯುವುದೋ ಬಿಡುವುದೋ ನಾನು ಹೇಳುತ್ತೇನೆ ಎಂದು ಅವಳು ಅಲ್ಲೇ ಕುರ್ಚಿ ಎಳೆದು ಕೂತಳು.

ಶುಭಾ ಒಳಗಿನಿಂದ ಒಂದು ಗಾಜಿನ ಕಡ್ಡಿ ತಂದರು. ಪೊರಕೆಯ ಕಡ್ಡಿಯಷ್ಟೇ ಸಣ್ಣದು, ಒಳಗೆ ಟೊಳ್ಳು. ಬೆಳಿಗ್ಗೆ ಕೂಸಿನ ಹಿಮ್ಮಡಿಯಿಂದ ತೆಗೆದ ರಕ್ತವನ್ನು ಅದರಲ್ಲಿ ತುಂಬಿ ಯಂತ್ರದಲ್ಲಿ ಗಿರಗಿರ ತಿರುಗಿಸಿದ್ದರಂತೆ. ಕೆಂಪೆಲ್ಲ ಕೆಳಗೆ ಕೂತು, ಮೇಲೆ ನೀರು ನಿಂತಿತ್ತು. ಆ ನೀರು ತಿಳಿಯಾಗಿ, ತುಸು ಹಳದಿ ಇರಬೇಕು ಎಂದರು ಶುಭಾ. ಸಂಗಪ್ಪ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿತ್ತು.

"ನಾವು ಕೊಟ್ಟ ಕೊಬ್ಬು ಇದು. ಒಳಗೆ ಹೋಗಿದೆ, ಆದ್ರೆ ಮಗು ಅದನ್ನ ಬಳಸ್ಕೊಂಡಿಲ್ಲ. ರಕ್ತದಲ್ಲೇ ತೇಲ್ತಾ ಇದೆ."

ಆಮೇಲೆ ಬಿಡಿಸಿ ಹೇಳಿದರು. ಕೊಬ್ಬಿನ ಹನಿ ರಕ್ತಕ್ಕೆ ಸೇರಿದ ಮಾತ್ರಕ್ಕೆ ಮೈಗೆ ಸೇರಿದಂತೆ ಅಲ್ಲ. ರಕ್ತನಾಳದ ಒಳಗೋಡೆಗೆ ಅಂಟಿಕೊಂಡು ಒಂದು ಕಿಣ್ವ ಇರುತ್ತದೆ. ಅದು ಹನಿಯನ್ನು ಒಡೆದು ಸಣ್ಣ ಮಾಡಬೇಕು. ಆಮೇಲೆಯೇ ಅದು ಮೈಗೆ ಕಸುವಾಗುವುದು, ಮಿದುಳು ಕಟ್ಟಲು ಒದಗುವುದು. ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ ಆ ಕಿಣ್ವವೇ ಕಡಿಮೆ. ಸಾಲದ್ದಕ್ಕೆ ಹಿಂದಿನ ದಿನದಿಂದ ಕೂಸಿಗೆ ಸೋಂಕು ತಗುಲಿತ್ತು, ಅದರಿಂದ ಒಡೆಯುವ ಕೆಲಸ ಇನ್ನೂ ನಿಧಾನವಾಗಿತ್ತು. ಪೂರ್ತಿ ನಿಲ್ಲಿಸುವಂತಿಲ್ಲ, ಮಿದುಳಿಗೆ ಕೊಬ್ಬು ಬೇಕೇ ಬೇಕು. ಅದಕ್ಕೇ ಇಳಿಸಿ, ಸೋಂಕಿಗೆ ಔಷಧಿ ಕೊಟ್ಟು, ಇದ್ದದ್ದು ಖರ್ಚಾಗಲಿ ಎಂದು ಕಾಯುತ್ತಿದ್ದೇವೆ ಎಂದರು. ಈ ಸ್ಥಿತಿಯಲ್ಲಿ ಆಂಬುಲೆನ್ಸಿನಲ್ಲಿ ಕುಲುಕಾಡಿಸಿದರೆ ಏನಾಗುತ್ತದೋ ತಾನು ಹೇಳಲಾರೆ ಎಂಬುದನ್ನೂ ಮುಚ್ಚಿಡಲಿಲ್ಲ.

ಸಂಗಪ್ಪ ಕಡ್ಡಿಯನ್ನು ಹಿಡಿದುಕೊಂಡೇ ನಿಂತ. ಅವನ ಕಣ್ಣ ಮುಂದೆ ಬಂದದ್ದು ಖಾನಾವಳಿಯ ಯಲ್ಲಮ್ಮ. ರೊಟ್ಟಿ ಬಡಿಯುವವಳು ಅವಳೊಬ್ಬಳೇ, ಹಂಚು ಎರಡು. ಒಮ್ಮೆಲೇ ಮಂದಿ ನುಗ್ಗಿದಾಗ ಇವನು ಹಿಟ್ಟಿನ ಮೇಲೆ ಹಿಟ್ಟು ಕಲಸಿ ಅವಳ ಮುಂದೆ ಒಟ್ಟಿ, ಬೇಗ ಬೇಗ ಎಂದು ಮೈಮೇಲೆ ಬೀಳುತ್ತಿದ್ದ. ಹಿಟ್ಟು ಒಣಗಿ ಬಿರಿಯುತ್ತಿತ್ತೇ ಹೊರತು ರೊಟ್ಟಿ ಒಂದೂ ಬೇಗ ಬರುತ್ತಿರಲಿಲ್ಲ. ಹಿಟ್ಟು ಒಟ್ಟಿದಷ್ಟಕ್ಕೆ ಊಟ ಆಗುವುದಿಲ್ಲ ಎಂದು ಒಂದು ದಿನ ಯಲ್ಲಮ್ಮ ಎದ್ದು ಹೊರಟೇಬಿಟ್ಟಿದ್ದಳು. ಕೂಸಿನ ಮೈಯಲ್ಲೂ ಯಲ್ಲಮ್ಮನಂಥ ಒಬ್ಬಳೇ ಒಬ್ಬಳು ಜ್ವರ ಬಂದು ಕೂತಿದ್ದಾಳೆ ಎಂಬುದು ಅವನಿಗೆ ಥಟ್ಟನೆ ತಿಳಿಯಿತು.

ಭಾಗ್ಯಶ್ರೀ ಅಪ್ಪನ ಮುಖ ನೋಡಲಿಲ್ಲ, ಡಾಕ್ಟ್ರ ಮುಖ ನೋಡಿ ಹೇಳಿದಳು. "ಇಲ್ಲೇ ಇರ್ಲಿ. ನೀವು ಮಾಡೋದು ಮಾಡ್ರಿ."

ಸಂಗಪ್ಪ ಕಡ್ಡಿಯನ್ನು ಜೋಪಾನವಾಗಿ ಶುಭಾ ಅವರ ಕೈಗೆ ಕೊಟ್ಟು ಕೆಳಗಿಳಿದ. ಅನಂತರಾಜುವಿಗೆ ಗಾಡಿ ಒಯ್ಯಲು ಹೇಳಿದ. ಅವನು, "ಏನ್ ಯಜಮಾನ್ರೇ, ನಿಮ್ಮನ್ನೂ ಬಾಯಿ ಮುಚ್ಚಿಸೋರು ಸಿಕ್ಕಿದ್ರಾ?" ಎಂದು ನಕ್ಕ. ಬೇರೆ ದಿನವಾಗಿದ್ದರೆ ಅವನ ಕಾಲರ್ ಹಿಡಿಯುತ್ತಿದ್ದ ಸಂಗಪ್ಪ, "ಸಿಕ್ಕರು. ಇಬ್ಬರು" ಎಂದ.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ತೂಕ ಏರದೆ ಅಲ್ಲೇ ನಿಂತಿತ್ತು. ಅಂಕಿ ಕೆಳಗೇ ಇತ್ತು. ಸಂಗಪ್ಪ ಬಂದು, ಹಲ್ಲು ಕಚ್ಚಿ ನೋಡಿ, ಏನೂ ಅನ್ನದೆ ಹೋಗುತ್ತಿದ್ದ. ಅವನ ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಅವನು ಬೇರೆ ಮಾಡಿಲ್ಲ. ಸೋಂಕು ಇಳಿಯಿತು. ಶುಭಾ ಇನ್ನೊಂದು ಕಡ್ಡಿ ತಂದು ತೋರಿಸಿದರು. ಮೇಲಿನ ನೀರು ತಿಳಿಯಾಗಿತ್ತು, ಆಚೆಗಿನ ಬೆರಳು ಕಾಣುವಷ್ಟು.

ಇವತ್ತಿನಿಂದ ಕೊಬ್ಬು ಹೆಚ್ಚಿಸೋಣ ಎಂದರು. ಸಂಗಪ್ಪ ಅಡ್ಡ ಬಂದ.

"ಇನ್ನೊಂದೆರಡ ದಿನಾ ತಡೀರಿ. ಅವಸರ ಏನೈತಿ?"

"ಇಳಿಸಿದ್ರೂ ಜಗಳ, ಏರಿಸಿದ್ರೂ ಜಗಳ. ನಿಮ್ಮ ಖಾನಾವಳೀಲಿ ಊಟ ಮಾಡೋರು ಹೆಂಗಪ್ಪಾ ಬದುಕಿದ್ದಾರೆ?" ಎಂದು ಶುಭಾ ನಕ್ಕರು. ಈಗ ಕಾದರೆ ಬೆಳವಣಿಗೆಗೇ ಹೊಡೆತ, ಮೈ ಅರಗಿಸಿಕೊಳ್ಳುತ್ತಿರುವಾಗ ಕೊಡಲೇಬೇಕು ಎಂದರು.

ಸಂಗಪ್ಪ ಮಗಳ ಕಡೆ ತಿರುಗಿದ. "ಆಕೀನ ಕೇಳ್ರಿ. ತಾಯಿ ಆಕಿ."

ಏರಿಸಿರಿ ಎಂದಳು ಭಾಗ್ಯಶ್ರೀ. ನರ್ಸ್ ಗುಂಡಿ ಒತ್ತಿದಳು, ಅಂಕಿ ಮೇಲೇರಿತು. ತೆಳ್ಳನೆಯ ನಳಿಕೆಯಲ್ಲಿ ಬಿಳಿ ದಾರ ಕೂಸಿನ ಕೈಯವರೆಗೂ ಹರಿಯಿತು. ಖಾನಾವಳಿಯಲ್ಲಿ ಊಟದ ಹೊತ್ತಾಗುತ್ತಿತ್ತು, ಸಂಗಪ್ಪ ಯಶವಂತಪುರದ ಬಸ್ಸು ಹಿಡಿಯಲು ಹೊರಟ.