ಪೇಟೆಯಲ್ಲಿ ಕೂತು ಬೆಟ್ಟ ಅಗೆದವನು

ಯಂತ್ರ ಮಗುಚಿ ಸೊಂಟ ಮುರಿದ ಮೇಲೆ ಮೊರಿವಾಕಿ ಶೋಹೆಯ್ ಬೆಟ್ಟಗಳ ಮಾತೆತ್ತುವುದನ್ನೇ ಬಿಟ್ಟಿದ್ದ. ಜಪಾನಿನ ಕೋಚಿ ಸೀಮೆಯ ಆ ಕಣಿವೆಯಲ್ಲಿ ಅವನ ಅಗೆಯುವ ಯಂತ್ರ ಮುಟ್ಟದ ತಿರುವು ಒಂದೂ ಇರಲಿಲ್ಲ. ಈಗ ಗಾಲಿಕುರ್ಚಿಯಲ್ಲಿ ಕೂತು ದಿನವಿಡೀ ಟೀವಿ ನೋಡುವನು. ಹೆಂಡತಿ ಫುಮಿಯೆ ಏನಾದರೂ ಕೇಳಿದರೆ ಒಂದು ‘ಹೂಂ’, ಕೆಲವು ಸಲ ಅದೂ ಇಲ್ಲ.

ಆ ವರ್ಷದ ಚಂಡಮಾರುತಕ್ಕೆ ಓಸೊಗೊಯೆ ಎಂಬ ಮೇಲಿನ ಹಳ್ಳಿಯ ದಾರಿಗೆ ಗುಡ್ಡ ಜಾರಿ ಬಿತ್ತು. ಹಳ್ಳಿಯಲ್ಲಿ ಉಳಿದಿದ್ದವರೆಲ್ಲ ಮುದುಕರು. ತೋಟದಲ್ಲಿ ಯುಜು ನಿಂಬೆ ಹಳದಿಗೆ ತಿರುಗುತ್ತಿತ್ತು, ಇಳಿಸಲು ದಾರಿಯಿಲ್ಲ. ಯಂತ್ರವೇನೋ ಇತ್ತು, ನಡೆಸುವವರಿರಲಿಲ್ಲ. ಹಳಬರು ಒಬ್ಬೊಬ್ಬರಾಗಿ ನಿವೃತ್ತರಾಗಿದ್ದರು, ಹೊಸಬರು ಮಣ್ಣಿನ ಕೆಲಸವೆಂದರೆ ಮುಖ ತಿರುಗಿಸುತ್ತಿದ್ದರು. ಸಾಲದ್ದಕ್ಕೆ, ಮತ್ತೆ ಯಾವಾಗ ಕುಸಿದೀತೋ ಎಂಬ ಇಳಿಜಾರಿನ ಕೆಳಗೆ ಒಬ್ಬ ಮನುಷ್ಯನನ್ನು ಕೂರಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಅಪ್ಪನ ನಂತರ ರಸ್ತೆ ಕೆಲಸದ ಕಂಪನಿ ನಡೆಸುತ್ತಿದ್ದ ನಾಗಿ ಚಿಹಾರು ಒಂದು ಬೆಳಗ್ಗೆ ಶೋಹೆಯ್ ಮನೆಗೇ ಬಂದಳು.

“ಶೋಹೆಯ್ ಸಾನ್, ಓಸೊಗೊಯೆ ದಾರಿ ಬಿಡಿಸ್ಬೇಕು. ಬರ್ತೀರಾ?”

“ತಮಾಷೆ ಮಾಡ್ತೀಯೇನಮ್ಮ? ಈ ಕಾಲು ನೋಡು.”

“ಕಾಲು ಯಾರು ಕೇಳಿದ್ರು? ನಂಗೆ ನಿಮ್ಮ ಕೈ ಬೇಕು.”

ಒಳಗಿನಿಂದ ಫುಮಿಯೆ ಕೂಗಿದಳು. “ಕರ್ಕೊಂಡು ಹೋಗಮ್ಮ, ಪುಣ್ಯ ಬರುತ್ತೆ! ಇವ್ರ ಮುಖ ನೋಡೀ ನೋಡೀ ಟೀವಿನೇ ಕೆಟ್ಟೋಗೋ ಹಾಗಾಗಿದೆ.”

ಕಚೇರಿಯ ಹಿಂದಿನ ಗೋದಾಮಿನಲ್ಲಿ ಒಂದು ಕುರ್ಚಿ, ಅದರ ಎರಡು ಕಡೆ ಸನ್ನೆಗೋಲು, ಎದುರಿಗೆ ಅರ್ಧಚಂದ್ರದಂತೆ ಬಾಗಿದ ಪರದೆಗಳು. ಪೆಡಲಿನ ಕೆಲಸವನ್ನೂ ಕೈಗೇ ಒಪ್ಪಿಸಿದ್ದರು. ಚಿಹಾರು ಬೆಟ್ಟಕ್ಕೆ ಹೋಗಿ, ಯಂತ್ರದ ಎಂಜಿನ್ ಹಾಕಿ, ದೂರದ ತಿರುವಿಗೆ ಸರಿದು ನಿಂತು ವಾಕಿಟಾಕಿಯಲ್ಲಿ “ಬೆಟ್ಟ ನಿಮ್ಮದು” ಎಂದಳು.

ಯಂತ್ರಕ್ಕೆ ಕೂರಿಸಿದ ಕ್ಯಾಮೆರಾಗಳ ನೋಟ ಪರದೆಯಲ್ಲಿ ಬೆಳಗಿತು. ಒದ್ದೆ ಸೀಡರ್ ಮರಗಳು, ಅವುಗಳ ನಡುವೆ ಎಳೆಎಳೆಯಾಗಿ ಏಳುವ ಮಂಜು, ಕೆಂಪಗೆ ಸೀಳಿದ ಗುಡ್ಡದ ಮೈ. ಶೋಹೆಯ್ ಸನ್ನೆಗೋಲನ್ನು ಒಂದಿಷ್ಟು ಎಳೆದ. ಬೆಟ್ಟದ ಮೇಲೆ, ಅವನಿಂದ ಇಡೀ ಕಣಿವೆಯಾಚೆ, ಕಬ್ಬಿಣದ ತೋಳೊಂದು ನಿಧಾನವಾಗಿ ಮೇಲೆದ್ದಿತು.

“ಎದ್ದಿತು,” ಎಂದ ಪಿಸುದನಿಯಲ್ಲಿ. ಕಣ್ಣು ಮಂಜಾದವು.

ಮೊದಮೊದಲು ಕೆಲಸ ಸಾಗಲಿಲ್ಲ. ಯಂತ್ರ ವಾಲಿದರೂ ಕುರ್ಚಿ ವಾಲುವುದಿಲ್ಲ, ಬಂಡೆ ತಾಗಿದರೂ ಮೈಗೆ ಗೊತ್ತಾಗುವುದಿಲ್ಲ. ಗಾಳಿಯನ್ನು ಅಗೆದಂತಾಗಿ ಬೈದುಕೊಂಡ. ಆಮೇಲೆ ಕಿವಿಯ ಮೇಲೆ ಭಾರ ಹಾಕಿದ. ಸದ್ದು ಜೋರು ಮಾಡಿಸಿಕೊಂಡು, ಎಂಜಿನ್ ಏದುಸಿರು ಬಿಟ್ಟರೆ ಬಂಡೆ, ಸಲೀಸಾಗಿ ಗುನುಗಿದರೆ ಮಣ್ಣು ಎಂದು ಕೈ ಕಲಿತುಕೊಂಡಿತು. ಒಂದು ಮಧ್ಯಾಹ್ನ ಮೇಲಿನಿಂದ ಮಣ್ಣು ಧೊಪ್ಪನೆ ಜಾರಿ ಯಂತ್ರದ ಮೂತಿ ಮುಚ್ಚಿತು. ಪರದೆಯೆಲ್ಲ ಕಪ್ಪು. ಶೋಹೆಯ್ ತೋಳಿನಿಂದ ಮುಖ ಮುಚ್ಚಿಕೊಂಡು ಕೂತ. ಸ್ವಲ್ಪ ಹೊತ್ತಾದ ಮೇಲೆ ಕೈ ಇಳಿಸಿ ತನ್ನ ಅಂಗಿಯನ್ನು ಸವರಿದ. ಒಂದು ಕಣ ಮಣ್ಣಿಲ್ಲ. ಗೋದಾಮಿನ ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಅವನು ಮತ್ತೆ ಸನ್ನೆಗೋಲು ಹಿಡಿದ.

ಕೊನೆಗೊಂದು ದಿನ ಮಣ್ಣಿನಾಚೆ ಬೆಳಕು ಕಂಡಿತು, ಅದರ ಹಿಂದೆಯೇ ಮನುಷ್ಯರ ಮುಖಗಳು. ಚಿಹಾರು ಎಂಜಿನ್ ಆರಿಸಿ ಕೈಬೀಸಿದಳು. ಬೆನ್ನು ಬಾಗಿದ ಅಜ್ಜಿ ತ್ಸುರುಯೊ ಎಲ್ಲರಿಗಿಂತ ಮುಂದೆ ಬಂದು ಯಂತ್ರದ ಬಾಗಿಲಲ್ಲಿ ಇಣುಕಿದಳು.

“ಅಯ್ಯೋ, ಒಳಗೆ ಯಾರೂ ಇಲ್ವಲ್ಲೇ!”

“ಇದ್ದಾರೆ ಅಜ್ಜಿ. ಮೊರಿವಾಕಿ ಶೋಹೆಯ್. ಕೆಳಗೆ ಪೇಟೆಲಿ ಕೂತವ್ರೆ.”

“ಅವ್ನ ಕಾಲು ಹೋಯ್ತು ಅಂದಿದ್ರು?”

“ಹೋಗಿದೆ. ಆದ್ರೂ ಬಂದ್ರು.”

ಅಜ್ಜಿ ಸ್ವಲ್ಪ ಯೋಚಿಸಿದಳು. ಮಡಿಲಲ್ಲಿದ್ದ ಯುಜು ಹಣ್ಣುಗಳನ್ನು ಖಾಲಿ ಆಸನದ ಮೇಲೆ ಒಂದೊಂದಾಗಿ ಜೋಡಿಸಿ, “ಬಹಳ ದಣಿದೆಯಪ್ಪ,” ಎಂದು ಎರಡು ಕೈ ಜೋಡಿಸಿ ತಲೆಬಾಗಿದಳು. ಗೋದಾಮಿನಲ್ಲಿ ಶೋಹೆಯ್ ಪರದೆಯ ಮುಂದೆ ಅಷ್ಟೇ ಆಳವಾಗಿ ಬಾಗಿದ. ಅವಳಿಗದು ಕಾಣುವುದಿಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಯುಜು ಹೊತ್ತ ಗಾಡಿಗಳು ಕಣಿವೆಗೆ ಇಳಿದವು. ಆ ಚಳಿಗಾಲ ಅವನಿಗೆ ಉತ್ತರದ ಅಕಿತಾದಲ್ಲಿ ಹಿಮ ತೆಗೆಯುವ ಕೆಲಸ ಬಂತು, ಅದೂ ಅದೇ ಕುರ್ಚಿಯಿಂದ. ಬುತ್ತಿ ತಂದ ಫುಮಿಯೆ ಬಾಗಿಲಲ್ಲೇ ನಿಂತಳು. ಬೆಚ್ಚನೆಯ ಗೋದಾಮಿನಲ್ಲಿ ಗಂಡ ದಪ್ಪ ಕೋಟು, ಕಿವಿಟೋಪಿ ತೊಟ್ಟು ಕೂತಿದ್ದ. ಪರದೆಯ ತುಂಬ ಹಿಮ ಸುರಿಯುತ್ತಿತ್ತು.

“ಚಳಿ ಕಣೇ ಇಲ್ಲಿ,” ಎಂದ ಅವನು.