ಮೋಟಾರಿಗೆ ಕಟ್ಟಿದ ಕಾಯಿ

ಅದು 1981ನೇ ಇಸವಿ. ಹಂದನಕೆರೆಗೆ ಎರಡು ಮೈಲಿ ದೂರದ ನಮ್ಮ ಊರಿಗೆ ನಾನು ಸೊಸೆಯಾಗಿ ಬಂದು ಇಪ್ಪತ್ತೊಂದು ವರ್ಷವಾಗಿತ್ತು. ಓದಿದ್ದು ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ. ಸಂಬಳದ ಕೆಲಸ ನಾನು ಎಂದೂ ಮಾಡಿದವಳಲ್ಲ. ಆದರೆ ಮನೆಯ ಅಟ್ಟ ಪೂರ್ತಿ ನನ್ನ ಜವಾಬ್ದಾರಿಯಾಗಿತ್ತು. ಮೊನ್ನೆ ನೀವು ಕೇಳಿದಿರಲ್ಲ ಮಕ್ಕಳೇ, ಈಗ ಫೋನಿನಲ್ಲೇ ಮೋಟಾರು ಆರುತ್ತದೆ, ಆದರೂ ಅಜ್ಜಿ ಯಾಕೆ ಹೋಗಿ ಟ್ಯಾಂಕ್ ಇಣುಕಿ ಬರುತ್ತಾಳೆ ಎಂದು. ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅಟ್ಟದ ಕೆಲಸ ಏನೆಂದು ಹೇಳಬೇಕು. ಬಲಿತ ತೆಂಗಿನಕಾಯಿಯನ್ನು ಮಟ್ಟೆ ಸುಲಿಯದೆ ಹಾಗೇ ಅಟ್ಟಕ್ಕೆ ಹಾಕುತ್ತೇವೆ. ಹತ್ತು ಹನ್ನೊಂದು ತಿಂಗಳಲ್ಲಿ ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಡುತ್ತದೆ. ಆಗ ಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ. ಅದೇ ಗಿಟುಕು ಕೊಬ್ಬರಿ, ತಿಪಟೂರಿನ ಮಾರುಕಟ್ಟೆಗೆ ಹೋಗುವುದು. ಈ ಹನ್ನೊಂದು ತಿಂಗಳು ಅಟ್ಟಕ್ಕೆ ನೀರು ಸೋಕಬಾರದು. ಮಟ್ಟೆ ನೆಂದರೆ ಕಾಯಿಯ ಕಣ್ಣು ಕೊಳೆಯುತ್ತದೆ, ಒಳಗೆ ಬೂಷ್ಟು ಹಿಡಿಯುತ್ತದೆ. ಮಳೆಗಾಲಕ್ಕೆ ಮುಂಚೆ ಒಂದೊಂದು ಹೆಂಚನ್ನೂ ನಾನೇ ನಿಂತು ನೋಡಿಸುತ್ತಿದ್ದೆ. ಕಾಯಿ ಅಲ್ಲಾಡಿಸಿದರೆ ಇದಕ್ಕೆ ಇನ್ನು ಎಷ್ಟು ದಿನ ಬೇಕೆಂದು ನನ್ನ ಕೈಗೆ ಗೊತ್ತಾಗುತ್ತಿತ್ತು.

ಆ ವರ್ಷ ಅಟ್ಟದಲ್ಲಿ ಏಳು ಸಾವಿರ ಕಾಯಿ ಇತ್ತು. ನಿಮ್ಮಮ್ಮ ಸುಮಿತ್ರ ಪಿಯುಸಿ ಮುಗಿಸಿದ್ದಳು, ತುಮಕೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಅವಳಿಗೆ ಸೀಟು ಸಿಗುವ ಹಾಗಿತ್ತು. ಹೆಣ್ಣುಮಗಳನ್ನು ಹಾಸ್ಟೆಲಿಗೆ ಕಳಿಸಲು ನಿಮ್ಮ ತಾತನಿಗೆ ಪೂರ್ತಿ ಮನಸ್ಸಿರಲಿಲ್ಲ. ವಾರಗಟ್ಟಲೆ ಅವಳು ಊಟ ಸರಿಯಾಗಿ ಮಾಡದೆ ಇದ್ದ ಮೇಲೆ, ಈ ಸಲದ ಅಟ್ಟ ಚೆನ್ನಾಗಿ ಬಂದರೆ ಜುಲೈಗೆ ಸೇರಿಸುತ್ತೇನೆ ಎಂದು ಒಪ್ಪಿದ್ದರು. ಆ ಮಾತಾದ ದಿನದಿಂದ ಅವಳು ನನ್ನ ಜೊತೆ ಅಟ್ಟ ಹತ್ತುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಅದೇ ಮಾರ್ಚಿನಲ್ಲಿ ನಿಮ್ಮ ತಾತ ತಿಪಟೂರಿನಿಂದ ಎರಡು ಸಾಮಾನು ತಂದರು. ಒಂದು ಆಟೋ ಸ್ಟಾರ್ಟರ್. ಕರೆಂಟ್ ಬಂದ ಕೂಡಲೇ ಯಾರೂ ಗುಂಡಿ ಒತ್ತದೆ ಮೋಟಾರನ್ನು ಚಾಲೂ ಮಾಡುವ ಪೆಟ್ಟಿಗೆ ಅದು. ಇನ್ನೊಂದು ಫ್ಲೋಟ್ ಸ್ವಿಚ್. ಟ್ಯಾಂಕಿನೊಳಗೆ ಹಿತ್ತಾಳೆಯ ಟೊಳ್ಳು ಚೆಂಡೊಂದು ತೇಲುತ್ತಿರುತ್ತದೆ. ನೀರು ತುಂಬಿದ ಹಾಗೆ ಚೆಂಡು ಮೇಲೆ ಬಂದು ಒಂದು ಕಡ್ಡಿಯನ್ನು ಎತ್ತುತ್ತದೆ, ಮೋಟಾರು ನಿಲ್ಲುತ್ತದೆ. ಚೆಂಡು ಕೆಳಗಿದ್ದರೆ ಟ್ಯಾಂಕ್ ಖಾಲಿಯಿದೆ ಎಂದು ಅದರ ಲೆಕ್ಕ, ಮೋಟಾರು ಓಡುತ್ತದೆ. ನಮ್ಮ ಕಡೆ ಆಗ ಕರೆಂಟ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳುವ ಹಾಗಿರಲಿಲ್ಲ. ಕಾದು ಕೂತು ಮೋಟಾರು ಹಾಕುವ ಗೋಳು ತಪ್ಪುತ್ತದೆ, ಅಡುಗೆಮನೆ ನಲ್ಲಿಯಲ್ಲಿ ಯಾವಾಗಲೂ ನೀರು ಬರುತ್ತದೆ ಎಂದು ಅವರಿಗೆ ಬಹಳ ಹುಮ್ಮಸ್ಸು. ಸುಳ್ಳು ಯಾಕೆ ಹೇಳಲಿ, ನನಗೂ ಆಸೆಯಾಗಿತ್ತು.

ಟ್ಯಾಂಕನ್ನು ಬಚ್ಚಲುಮನೆಯ ತಾರಸಿಯ ಮೇಲೆ ಕಟ್ಟಿಸಿದರು. ತಾರಸಿಗೆ ಅಂಟಿಕೊಂಡೇ ಅಟ್ಟದ ಗೋಡೆ. ಕೊಟ್ಟಿಗೆ ಪಕ್ಕ ಕಟ್ಟಿಸಿದರೆ ಒಳ್ಳೆಯದಲ್ಲವೇ ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಗಾರೆ ಕಲಸಿ ಆಗಿತ್ತು.

ಕೂಡಿಸಲು ಬಂದವನು ತಿಪಟೂರಿನ ಮೆಕ್ಯಾನಿಕ್ ಪುಟ್ಟಸ್ವಾಮಿ. ಒಂದು ದಿನದ ಕೆಲಸ ಎಂದವನು ನಾಲ್ಕು ಗುರುವಾರ ಬಂದ. ಮೊದಲ ವಾರ ಮೂರು ಫೇಸ್ ಕರೆಂಟಿನಲ್ಲಿ ಒಂದು ಹೋಗಿ, ಮೋಟಾರು ತಿರುಗದೆ ಗುಂಯ್ ಎಂದು ನರಳಿ ಸುಟ್ಟ ವಾಸನೆ ಬಂತು. ಎರಡನೇ ವಾರ ಬಾವಿಯ ಪೈಪು ಗಾಳಿ ಹಿಡಿಯಿತು. ಮೊದಲಾದರೆ ನಾವೇ ನೀರು ಹುಯ್ದು ಗಾಳಿ ಬಿಡಿಸಿ ಆಮೇಲೆ ಗುಂಡಿ ಒತ್ತುತ್ತಿದ್ದೆವು. ಈ ಪೆಟ್ಟಿಗೆಗೆ ಅದೆಲ್ಲ ಏನು ಗೊತ್ತು? ಅದು ಒಣ ಮೋಟಾರನ್ನೇ ಒಂದು ಗಂಟೆ ಓಡಿಸಿತ್ತು. ಮೂರನೇ ವಾರ ಪೆಟ್ಟಿಗೆಯೊಳಗೆ ಹಲ್ಲಿ ಸಿಕ್ಕಿಕೊಂಡು ಸತ್ತಿತ್ತು. ಪ್ರತಿ ಸಲವೂ ನಿಮ್ಮ ತಾತ ಪೆಟ್ಟಿಗೆಗೆ ಒಂದು ಏಟು ಹಾಕಿ, ಅವನನ್ನು ಕರೆಯಲು ಕಿಬ್ಬನಹಳ್ಳಿಗೆ ಹೋಗಿ ತಿಪಟೂರಿನ ಬಸ್ಸು ಹಿಡಿಯುತ್ತಿದ್ದರು. ನಾವು ಅಷ್ಟು ದಿನ ಕೊಡದಲ್ಲೇ ನೀರು ಸೇದುತ್ತಿದ್ದೆವು.

ನಾಲ್ಕನೇ ವಾರ ಹಿತ್ತಾಳೆ ಚೆಂಡಿನ ಬೆಸುಗೆ ಬಿಟ್ಟು ಅದು ಮುಳುಗಿತು. ಬೇರೆ ಚೆಂಡು ಬರಲು ಒಂದೂವರೆ ತಿಂಗಳು ಬೇಕು ಎಂದ ಪುಟ್ಟಸ್ವಾಮಿ. ಮಾರನೇ ದಿನವೇ ಇದನ್ನೆಲ್ಲ ನೋಡಲು ಬನ್ನಿ ಎಂದು ನಿಮ್ಮ ತಾತ ಊರಿನವರಿಗೆ ಹೇಳಿಬಿಟ್ಟಿದ್ದರು. ಟ್ಯಾಂಕಿನೊಳಗೆ ಬಗ್ಗಿ ನೋಡಿ ನನ್ನನ್ನು ಕೂಗಿದರು.

"ಇವಳೇ, ಅಟ್ಟದಲ್ಲಿರೋದ್ರಲ್ಲಿ ಎಲ್ಲಕ್ಕಿಂತ ಹಗುರ ಇರೋ ಕಾಯಿ ಒಂದು ತಗೊಂಡ್ ಬಾ."

ನಾನು ಮೂವತ್ತು ನಲವತ್ತು ಕಾಯಿ ಅಲ್ಲಾಡಿಸಿ ಒಂದನ್ನು ಆರಿಸಿದೆ. ಸುಲಿದು ಕೊಟ್ಟೆ. ನೀರು ಪೂರ್ತಿ ಇಂಗಿ ಚೆಂಡಿನಷ್ಟೇ ಹಗುರವಾಗಿತ್ತು. ಪುಟ್ಟಸ್ವಾಮಿ ಅದರ ಕಣ್ಣಿಗೆ ತೂತು ಮಾಡಿ ಕೊಕ್ಕೆ ಹಾಕಿ, ಸುತ್ತ ಅರಗು ಕರಗಿಸಿ ಮುಚ್ಚಿದ. ನೀರಿಗೆ ಬಿಟ್ಟರೆ ಅರ್ಧ ಕಾಯಿ ಮೇಲೆ ಕಾಣುವ ಹಾಗೆ ತೇಲಿತು. ಮೋಟಾರು ಸರಿಯಾಗಿ ನಿಂತಿತು, ಸರಿಯಾಗಿ ಹತ್ತಿತು. ಮಾರನೇ ದಿನ ನೋಡಲು ಬಂದ ಪಕ್ಕದ ಮನೆಯ ರಂಗೇಗೌಡರು ಬಗ್ಗಿ ನೋಡಿ, "ಎಲ್ರೂ ದೇವರಿಗೆ ಕಾಯಿ ಒಡೀತಾರೆ, ನೀನು ಮೋಟಾರಿಗೆ ಕಾಯಿ ಕಟ್ಟಿದ್ದೀಯಲ್ಲಪ್ಪ" ಎಂದರು. ಎಲ್ಲರೂ ನಕ್ಕರು. ನಿಮ್ಮ ತಾತ ಎಲ್ಲರಿಗಿಂತ ಹೆಚ್ಚು ನಕ್ಕರು. ಕಾಯಿ ಆರಿಸಿದ್ದು ನಾನು ಎಂದು ನನಗೂ ಒಳಗೊಳಗೇ ಹೆಮ್ಮೆ.

ಮೂರು ವಾರ ಏನೂ ತೊಂದರೆಯಾಗಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಟ್ಯಾಂಕಿನಲ್ಲಿ ಬಿದ್ದ ಎಲೆ ತೆಗೆಯಲು ಹತ್ತಿದೆ. ಕಾಯಿ ಮೊದಲಿನಂತೆ ಅರ್ಧ ಮೇಲಿರಲಿಲ್ಲ. ನಿಂಬೆಹಣ್ಣಿನಷ್ಟು ಮಾತ್ರ ಕಾಣುತ್ತಿತ್ತು. ಕೈಯಲ್ಲಿ ಎತ್ತಿ ಅಲ್ಲಾಡಿಸಿದೆ. ಗಡಗಡ ಅನ್ನಲಿಲ್ಲ, ಕುಳುಕ್ ಎಂದಿತು. ಬಿಸಿಲಿಗೆ ಅರಗು ಬಿರುಕು ಬಿಟ್ಟು ಕಣ್ಣಿನಿಂದ ನೀರು ಒಳಗೆ ಸೇರುತ್ತಿದೆ ಎಂದು ಆ ಕ್ಷಣವೇ ಗೊತ್ತಾಯಿತು. ಇನ್ನು ನಾಲ್ಕೈದು ದಿನಕ್ಕೆ ಇದು ಮುಳುಗುತ್ತದೆ ಎಂದೂ ಗೊತ್ತಾಯಿತು. ಬಿಚ್ಚಿ ಬೇರೆ ಕಾಯಿ ಕಟ್ಟೋಣವೆಂದರೆ, ವೈರಿದೆ, ಹೆಂಗಸರು ಅದರ ತಂಟೆಗೆ ಹೋಗಬಾರದು ಎಂದು ಪುಟ್ಟಸ್ವಾಮಿ ಹೇಳಿಹೋಗಿದ್ದ.

ಹೇಳಲೆಂದು ಕೆಳಗಿಳಿದು ಬಂದೆ. ಜಗುಲಿಯಲ್ಲಿ ನಿಮ್ಮ ತಾತ, ರಂಗೇಗೌಡರು ಮತ್ತೆ ತುರುವೇಕೆರೆ ಕಡೆಯ ಇಬ್ಬರು ನೆಂಟರು ಕೂತಿದ್ದರು. ಟ್ಯಾಂಕಿನ ಕಾಯಿಯದೇ ಮಾತು ನಡೆಯುತ್ತಿತ್ತು. ಹಿತ್ತಾಳೆ ಚೆಂಡಿಗಿಂತ ನಮ್ಮ ಕಾಯೇ ವಾಸಿ, ಪುಟ್ಟಸ್ವಾಮಿ ಚೆಂಡು ತಂದರೂ ವಾಪಸ್ ಕಳಿಸುತ್ತೇನೆ ಎಂದು ನಿಮ್ಮ ತಾತ ಹೇಳುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತೆ. ಗಂಡಸರ ನಡುವೆ ಹೋಗಿ ಮಾತಾಡಿದ ಅಭ್ಯಾಸ ನನಗಿರಲಿಲ್ಲ. ಕಾಫಿ ಕೊಟ್ಟು ಒಳಗೆ ಬಂದೆ. ಅವರೊಬ್ಬರೇ ಇದ್ದಾಗ ಹೇಳೋಣ ಎಂದುಕೊಂಡೆ. ಒಬ್ಬರೇ ಇದ್ದಾಗ, ಮೆಕ್ಯಾನಿಕ್ಕಿಗಿಂತ ನಿನಗೆ ಗೊತ್ತಾ ಎಂದುಬಿಟ್ಟರೆ ಎಂದು ಸುಮ್ಮನಾದೆ. ಹೀಗೆ ಎರಡು ದಿನ ಕಳೆಯಿತು. ಮೂರನೇ ದಿನ ಬೆಳಿಗ್ಗೆ ಮನೆಗೆ ಬೀಗ ಹಾಕಿ ಮೂವರೂ ಮಾಯಸಂದ್ರದ ನನ್ನ ತಂಗಿ ಮನೆಗೆ ನಾಮಕರಣಕ್ಕೆ ಹೊರಟೆವು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದೆ. ಆಗಲೂ ಹೇಳಲಿಲ್ಲ.

ಮಾರನೇ ದಿನ ನಾಲ್ಕು ಗಂಟೆಗೆ ವಾಪಸ್ ಬಂದಾಗ ಬೀದಿಗೇ ಮೋಟಾರಿನ ಸದ್ದು ಕೇಳುತ್ತಿತ್ತು. ಆಕಾಶದಲ್ಲಿ ಒಂದು ತುಂಡು ಮೋಡ ಇಲ್ಲ, ನಮ್ಮ ಮನೆಯ ಸೂರಿನಿಂದ ಮಾತ್ರ ನೀರು ಸುರಿಯುತ್ತಿತ್ತು. ಕಾಯಿ ಮುಳುಗಿದೆ. ಟ್ಯಾಂಕ್ ಖಾಲಿಯಿದೆ ಎಂದುಕೊಂಡ ಪೆಟ್ಟಿಗೆ ಕರೆಂಟ್ ಇದ್ದಷ್ಟು ಹೊತ್ತೂ ಮೋಟಾರು ಓಡಿಸಿದೆ. ಹೆಚ್ಚಾದ ನೀರು ಹೋಗಲೆಂದು ಇಟ್ಟಿದ್ದ ಪೈಪು ಹೆಬ್ಬೆಟ್ಟಿನಷ್ಟು ಸಣ್ಣದು. ನೀರು ತಾರಸಿಯ ಮೇಲೆ ಹರಿದು, ಗೋಡೆಗೂ ಹೆಂಚಿಗೂ ನಡುವಿನ ಸಂದಿಯಿಂದ ಅಟ್ಟಕ್ಕೆ ಇಳಿದಿತ್ತು. ನಿಮ್ಮ ತಾತ ಓಡಿಹೋಗಿ ಫ್ಯೂಸ್ ಕಿತ್ತರು. ನಾನು ಅಟ್ಟ ಹತ್ತಿದೆ. ಕಾಲಿಟ್ಟಲ್ಲೆಲ್ಲ ನೆಂದ ಮಟ್ಟೆ ಪಿಚಕ್ ಎನ್ನುತ್ತಿತ್ತು.

ಒಂಬತ್ತು ದಿನ ಸುಮಿತ್ರ ಮತ್ತು ನಾನು ಏಳು ಸಾವಿರ ಕಾಯಿಯನ್ನೂ ಒಂದೊಂದಾಗಿ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆವು. ಒಣ ಸದ್ದಿನವು ಒಂದು ಕಡೆ, ಅನುಮಾನದವು ಸುಲಿದು ಬಿಸಿಲಿಗೆ, ಕೆಟ್ಟವು ತಿಪ್ಪೆಗೆ. ತಿಪ್ಪೆಗೆ ಹೋದದ್ದೇ ಎರಡು ಸಾವಿರದ ಮುನ್ನೂರು. ಬಿಸಿಲಿಗೆ ಹಾಕಿದ್ದರಲ್ಲೂ ಬಹಳಷ್ಟು ಕಪ್ಪಿಗೆ ತಿರುಗಿದವು. ನಾಲ್ಕನೇ ದಿನ ಅವಳು ಟ್ಯಾಂಕಿನಿಂದ ತೆಗೆದಿದ್ದ ಆ ಕಾಯಿಯನ್ನೂ ಕೈಗೆತ್ತಿಕೊಂಡು ಅಲ್ಲಾಡಿಸಿ ನೋಡಿದಳು. ಅಷ್ಟು ದಿನದಲ್ಲಿ ಅವಳ ಕೈಗೂ ಸದ್ದಿನ ಗುರುತು ಹತ್ತಿತ್ತು.

"ಅವ್ವ, ಇದು ಒಂದೇ ದಿನಕ್ಕೆ ಹಿಂಗಾಗಿಲ್ಲ. ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

ಅವಳು ಅಳಲಿಲ್ಲ, ಬೈಯಲಿಲ್ಲ. ಕಾಯಿ ಕೆಳಗಿಟ್ಟು ಮುಂದಿನದನ್ನು ಎತ್ತಿಕೊಂಡಳು. ಬೈದಿದ್ದರೆ ವಾಸಿಯಿತ್ತು. ಏಣಿಯ ಹತ್ತಿರ ನಿಂತಿದ್ದ ನಿಮ್ಮ ತಾತನಿಗೂ ಈ ಮಾತು ಕೇಳಿಸಿತು. ಜುಲೈ ಬಂತು, ಹೋಯಿತು. ಅವಳು ತುಮಕೂರಿಗೆ ಹೋಗಲಿಲ್ಲ.

ಪುಟ್ಟಸ್ವಾಮಿ ಹೊಸ ಚೆಂಡು ತಂದದ್ದು ಜುಲೈ ಕೊನೆಯ ವಾರ. ಈ ಸಲ ಪ್ಲಾಸ್ಟಿಕ್ಕಿನದು, ಹತ್ತು ವರ್ಷ ಏನೂ ಆಗುವುದಿಲ್ಲ ಎಂದು ಜಗುಲಿಯಲ್ಲಿ ಕೂತು ಹೇಳುತ್ತಿದ್ದ. ರಂಗೇಗೌಡರೂ ಇದ್ದರು. ಹಾಕಿಬಿಡು ಎಂದು ನಿಮ್ಮ ತಾತ ಎದ್ದರು. ನಾನು ಬಾಗಿಲು ದಾಟಿ ಈಚೆಗೆ ಬಂದೆ.

"ಅದು ಬೇಡ. ಮೋಟಾರು ನಾನೇ ಹಾಕ್ತೀನಿ, ನಾನೇ ಆರಿಸ್ತೀನಿ."

"ಅಮ್ಮಾವ್ರೇ, ಇದು ಆಟೋಮ್ಯಾಟಿಕ್ ಕಣ್ರೀ. ಯಾರೂ ನೋಡೋ ಹಂಗೇ ಇಲ್ಲ" ಎಂದ ಪುಟ್ಟಸ್ವಾಮಿ.

"ಯಾರೂ ನೋಡ್ದೆ ಇದ್ದಿದ್ದಕ್ಕೇ ಹಂಗಾಗಿದ್ದು ಕಣಪ್ಪ. ನೋಡಿದೋಳು ಹೇಳ್ಲಿಲ್ಲ. ಮುಂದಿನ ಅಟ್ಟದ ದುಡ್ಡಲ್ಲಿ ನನ್ನ ಮಗಳು ತುಮಕೂರಿಗೆ ಹೋಗಬೇಕು."

ಎಲ್ಲರೂ ನಿಮ್ಮ ತಾತನ ಮುಖ ನೋಡಿದರು. ಅವರು ಚೆಂಡನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಅದನ್ನು ಪುಟ್ಟಸ್ವಾಮಿಯ ಚೀಲಕ್ಕೆ ಹಾಕಿದರು. "ಅವಳು ಹೇಳ್ದಂಗೆ ಮಾಡು ಬುಡು" ಎಂದರು.

ಮಾರನೇ ವರ್ಷ ನಿಮ್ಮಮ್ಮ ಟ್ರೈನಿಂಗಿಗೆ ಸೇರಿದಳು. ಅವಳು ರಿಟೈರ್ ಆದ ದಿನ ನೀವೂ ಶಾಲೆಗೆ ಬಂದಿದ್ದಿರಿ. ಹೆಡ್ ಮಾಸ್ಟರು ಮೂವತ್ತೇಳು ವರ್ಷದ ಸೇವೆ ಎಂದು ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮೂವತ್ತೆಂಟು ಎಂದು ಓದಬೇಕಿತ್ತು ಎಂದು ಅಲ್ಲಿ ಕೂತಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು ಅಂದುಕೊಂಡಿದ್ದೆ. ಮನೆಗೆ ಬಂದ ಮೇಲೆ ಅವಳೇ ನಗುತ್ತಾ, "ಒಂದು ವರ್ಷ ಕಾಯಿ ಜೊತೆ ಮುಳುಗೋಯ್ತಲ್ಲವ್ವ" ಎಂದಳು.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದು ತನಗೆ ತಿಳಿದಷ್ಟು ಮಾಡಿತು. ನನ್ನ ಕೈಗೆ ತಿಳಿದದ್ದನ್ನು ನಾನು ಕಾಲಕ್ಕೆ ಸರಿಯಾಗಿ ಬಾಯಿಗೆ ತರಲಿಲ್ಲ. ಅಟ್ಟದ ಕೆಲಸದಲ್ಲಿ ನಾನು ಕಲಿತ ಪಾಠ ಅದೊಂದೇ. ಈಗ ಟ್ಯಾಂಕ್ ಇಣುಕಿ ಬಂದು ಅರ್ಧ ತುಂಬಿದೆ, ಮುಕ್ಕಾಲು ತುಂಬಿದೆ ಎಂದು ನಾನು ಜೋರಾಗಿ ಹೇಳಿದರೆ ನೀವು ನಗುತ್ತೀರಿ. ನಗಿ. ನಾನು ಹೇಳುವುದು ನಿಲ್ಲಿಸುವುದಿಲ್ಲ.